ಒಲೆ ಹಚ್ಚದೆ ಹೊಟ್ಟೆ ತುಂಬುವ ಬೇಸಿಗೆ ಊಟ ಯಾವುದಿದೆ?

ಮೈಸೂರಿನಿಂದ ಕಲಬುರಗಿಗೆ ಕೆಲಸಕ್ಕೆ ಬಂದಿದ್ದೀರಿ. ಮೇಲಿನ ಮಹಡಿಯ ರೂಮು, ಮಿಕ್ಸಿ ಇದೆ, ಫ್ರಿಜ್ ಇಲ್ಲ. ಗ್ಯಾಸ್ ಮುಂದೆ ನಿಲ್ಲೋಕಾಗ್ತಿಲ್ಲ, ಹಣ್ಣು ತಿಂದು ಸಾಕಾಗಿದೆ, ಒಲೆ ಹಚ್ಚದೆ ಊಟ ಅನ್ನಿಸುವಂಥದ್ದು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ, ಬೇಕಾದಷ್ಟಿದೆ. ನಾನು ಇದೇ ಊರಿನವಳು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಆರ್‌ಸಿಸಿ ಚಾವಣಿ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಇಳಿಸುತ್ತದೆ. ಅಂಥ ಮನೆಯಲ್ಲಿ ಅಡುಗೆ ಮಾಡಿ ಅಂತ ನಾನಂತೂ ಯಾರಿಗೂ ಹೇಳುವುದಿಲ್ಲ.

ಕಲ್ಲಂಗಡಿ ತಿಂದರೆ ಬಾಯಾರಿಕೆ ತಣಿಯುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಹೊಟ್ಟೆ ನಿಲ್ಲಬೇಕಾದರೆ ಧಾನ್ಯವೇ ಬೇಕು. ಹಸಿ ಧಾನ್ಯ ತಿನ್ನಲಾಗದು, ಹಾಗಾಗಿ ನಮಗೆ ಸಿಗುವ ಮೊದಲೇ ಬೆಂಕಿ ಕಂಡು ಬಂದ ಧಾನ್ಯ ಹುಡುಕಬೇಕು. ಅವಲಕ್ಕಿ, ಮಂಡಕ್ಕಿ, ಪುಟಾಣಿ (ಹುರಿಗಡಲೆ), ಹುರಿಹಿಟ್ಟು, ಖಡಕ್ ರೊಟ್ಟಿ ಎಲ್ಲವೂ ಆ ಜಾತಿಯವು. ಬೇಯಿಸುವ, ಹುರಿಯುವ ಕೆಲಸ ಬೇರೆ ಯಾರೋ ಮುಗಿಸಿದ್ದಾರೆ. ನಿಮಗೆ ಉಳಿದಿರುವುದು ನೆನೆಸುವುದು, ಕಲಸುವುದು, ಅಷ್ಟೇ.

ಈ ಊರಿಗೆ ಬಂದಿದ್ದೀರಲ್ಲ, ಖಡಕ್ ರೊಟ್ಟಿಯಿಂದಲೇ ಶುರು ಮಾಡಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿ ಕಟ್ಟು ಕಟ್ಟಿ ಮಾರುತ್ತಾರೆ. ಒಣ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿ ಮಾರುವಲ್ಲಿಯೇ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಯೂ ಸಿಗುತ್ತವೆ (ಹಿಂಡಿಗೆ ನಿಮ್ಮ ಕಡೆ ಚಟ್ನಿಪುಡಿ, ಗುರೆಳ್ಳಿಗೆ ಹುಚ್ಚೆಳ್ಳು ಅನ್ನುತ್ತೀರಿ). ಎರಡು ರೊಟ್ಟಿಯನ್ನು ಬಟ್ಟಲಿಗೆ ಮುರಿದು ಹಾಕಿ, ಮೇಲೆ ನೀರು ಚಿಮುಕಿಸಿ, ಎರಡು ನಿಮಿಷ ಬಿಡಿ. ನೀರು ಸುರಿಯಬೇಡಿ, ಹಿಟ್ಟಾಗಿಬಿಡುತ್ತದೆ. ಅಂಚು ಬಾಗುವಷ್ಟು ಮೆತ್ತಗಾದಾಗ ಮೊಸರು, ಎರಡು ಚಮಚ ಶೇಂಗಾ ಹಿಂಡಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಉಪ್ಪು ಹಾಕಿ ಕೈಯಿಂದಲೇ ಕಲಸಿ. ಚಮಚದಲ್ಲಿ ಕಲಸಿದರೆ ರೊಟ್ಟಿಯ ಗಟ್ಟಿ ಚೂರು ಎಲ್ಲಿ ಉಳಿದಿದೆ ಅಂತ ಗೊತ್ತಾಗುವುದಿಲ್ಲ.

ಪಕ್ಕಕ್ಕೆ ಹಸಿ ಮೆಂತ್ಯ ಸೊಪ್ಪು ಇರಲಿ. ಎಳೆ ಸೊಪ್ಪಿನ ಎಲೆ ಬಿಡಿಸಿ, ಎರಡು ಮೂರು ನೀರಲ್ಲಿ ಮಣ್ಣು ಹೋಗುವಂತೆ ತೊಳೆದು, ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ನಿಂಬೆರಸ ಸೇರಿಸಿ. ಒಂದು ಚಮಚ ಗಾಣದ ಶೇಂಗಾ ಎಣ್ಣೆ ಹಸಿಯಾಗಿಯೇ ಬಿಡಿ. ಕಹಿ ಇರುತ್ತದೆ, ಆದರೆ ಮೊಸರು ರೊಟ್ಟಿಯ ಜೊತೆ ಆ ಕಹಿಯೇ ರುಚಿ. ಹಕ್ಕರಕಿ ಸೊಪ್ಪು ಸಿಕ್ಕರೆ ಅದನ್ನೂ ಹೀಗೇ ತಿನ್ನಬಹುದು. ಸವತಿಕಾಯಿ, ಮೂಲಂಗಿ, ಗಜ್ಜರಿ ಕಚ್ಚಿಕೊಳ್ಳಲು. ಇಷ್ಟಾದರೆ ಖಾನಾವಳಿಯ ಊಟಕ್ಕೆ ಏನೂ ಕಮ್ಮಿ ಇಲ್ಲ.

ಇನ್ನು ಅವಲಕ್ಕಿ. ಮೊಸರವಲಕ್ಕಿ ಎಲ್ಲರಿಗೂ ಗೊತ್ತು, ಆದರೆ ಅವಸರದಲ್ಲಿ ಮಾಡಿ ನುಚ್ಚುನುಚ್ಚಾಗಿ ತಿನ್ನುವವರೇ ಹೆಚ್ಚು. ದಪ್ಪ ಅವಲಕ್ಕಿಯನ್ನು ತೊಳೆದು, ನೀರು ಬಸಿದು, ಮುಚ್ಚಿ ಹತ್ತು ನಿಮಿಷ ಇಡಿ. ಒಂದು ಕಾಳನ್ನು ಎರಡು ಬೆರಳ ಮಧ್ಯೆ ಒತ್ತಿದರೆ ನಡುವೆ ಗಟ್ಟಿ ಸಿಗದೆ ಹಿಸುಕಿಹೋಗಬೇಕು. ಆಮೇಲೆ ಮೊಸರು, ಉಪ್ಪು, ತುರಿದ ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ. ಕಲಸಿಟ್ಟ ಮೇಲೂ ಅವಲಕ್ಕಿ ಮೊಸರನ್ನು ಹೀರುತ್ತಲೇ ಇರುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ತೆಳ್ಳಗೆ ಕಲಸಿಕೊಳ್ಳಿ. ಒಗ್ಗರಣೆ ಇಲ್ಲವಲ್ಲ ಅನ್ನುವ ಕೊರತೆ ಹುರಿದ ಶೇಂಗಾ ಹಾಕಿದರೆ ಹೋಗುತ್ತದೆ.

ನನಗೆ ಇದಕ್ಕಿಂತ ಇಷ್ಟ ಗೊಜ್ಜವಲಕ್ಕಿ. ಡಬ್ಬಿಗೂ ಅದೇ ಸರಿ, ಯಾಕೆಂದರೆ ಮೊಸರಿಲ್ಲ, ಮಧ್ಯಾಹ್ನದ ಸೆಕೆಗೆ ಹುಳಿ ಬರುವ ಭಯವಿಲ್ಲ. ನಿಂಬೆಹಣ್ಣಿನ ಅರ್ಧದಷ್ಟು ಹುಣಸೆಹಣ್ಣನ್ನು ತಣ್ಣೀರಲ್ಲಿ ಅರ್ಧ ಗಂಟೆ ನೆನೆಹಾಕಿ. ಅಷ್ಟರಲ್ಲಿ ಒಂದು ಲೋಟ ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ರವೆಯಷ್ಟು ತರಿ ಮಾಡಿ, ಒಮ್ಮೆ ತೊಳೆದು ಬಸಿಯಿರಿ. ಹುಣಸೆ ಕಿವುಚಿದ ರಸಕ್ಕೆ ಬೆಲ್ಲ, ಉಪ್ಪು, ಒಂದು ಚಮಚ ಸಾರಿನ ಪುಡಿ ಕರಗಿಸಿ. ಸಾರಿನ ಪುಡಿಯ ಮಸಾಲೆ ಮೊದಲೇ ಹುರಿದದ್ದು, ಹಸಿವಾಸನೆ ಬರುವುದಿಲ್ಲ. ಈ ರಸ ಮುಕ್ಕಾಲು ಲೋಟದಷ್ಟಿರಲಿ. ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು ಹುಳಿ ಎರಡೂ ಚೂರು ಜಾಸ್ತಿ ಅನ್ನಿಸಬೇಕು, ಅವಲಕ್ಕಿ ಹೀರಿದ ಮೇಲೆ ಸರಿಹೋಗುತ್ತದೆ. ಕಲಸಿ, ಮುಚ್ಚಿ, ಇಪ್ಪತ್ತು ನಿಮಿಷ ಮುಟ್ಟಬೇಡಿ. ತೆಗೆದಾಗ ಮುದ್ದೆಯಂತೆ ಕಂಡರೂ ಬೆರಳಿಂದ ಉದುರಿಸಿದರೆ ಬಿಡಿಬಿಡಿಯಾಗುತ್ತದೆ. ಒಣಕೊಬ್ಬರಿ ತುರಿ, ಹುರಿದ ಶೇಂಗಾ, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ. ಕೃಷ್ಣಾಷ್ಟಮಿಗೆ ಒಗ್ಗರಣೆ ಹಾಕಿ ಮಾಡುವುದು ಇದನ್ನೇ, ಒಗ್ಗರಣೆ ಬಿಟ್ಟರೂ ರುಚಿ ಕೆಡುವುದಿಲ್ಲ.

ಬೇಳೆಯ ಅಂಶಕ್ಕೆ ಕೋಸಂಬರಿ. ರಾಮನವಮಿ ಬೇಸಿಗೆಯಲ್ಲೇ ಬರುತ್ತದೆ, ಪಾನಕ ಕೋಸಂಬರಿ ಕೊಡುವುದೂ ಆಗಲೇ. ಅದನ್ನು ಹಬ್ಬಕ್ಕೆ ಮಾತ್ರ ಯಾಕೆ ಇಟ್ಟುಕೊಳ್ಳಬೇಕು? ಹೆಸರುಬೇಳೆ ಒಂದೆರಡು ಗಂಟೆ ನೆನೆದರೆ ಸಾಕು. ಸವತಿಕಾಯಿ, ಕಾಯಿತುರಿ, ನಿಂಬೆ. ಉಪ್ಪು ಮಾತ್ರ ತಿನ್ನುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸವತಿಕಾಯಿ ನೀರು ಬಿಡುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟೇ ನೆನೆಸಿ. ಫ್ರಿಜ್ ಇಲ್ಲದ ಕಡೆ ನೆನೆದ ಬೇಳೆ, ತುರಿದ ಹಸಿಕಾಯಿ ರಾತ್ರಿಗೆ ಉಳಿಸುವಂಥವಲ್ಲ, ವಾಸನೆ ಚೂರು ಬದಲಾದರೂ ಎಸೆಯಿರಿ. ಹೆಸರುಬೇಳೆ ಆಗುತ್ತದೆ ಅಂತ ರಾಜ್ಮಾದಂಥ ಕಾಳನ್ನು ನೆನೆಸಿ ಹಸಿಯಾಗಿ ತಿನ್ನಬೇಡಿ, ವಾಂತಿ ಭೇದಿಯಾಗುತ್ತದೆ, ಅದನ್ನು ಬೇಯಿಸಲೇಬೇಕು.

ಮೊಸರಿನ ವಿಷಯ ಕೇಳಿರಲಿಲ್ಲ, ಆದರೂ ಹೇಳುತ್ತೇನೆ. ಸಣ್ಣ ಪ್ಯಾಕೆಟ್ಟನ್ನೇ ತನ್ನಿ, ಊಟಕ್ಕೆ ಕೂತಾಗ ಒಡೆಯಿರಿ. ಬೆಳಿಗ್ಗೆ ತಂದು ಮಧ್ಯಾಹ್ನದವರೆಗೆ ಇಡಬೇಕಾದರೆ ಅಗಲ ಬಾಯಿಯ ಮಣ್ಣಿನ ಮಡಕೆಯ ಸುತ್ತ ಒದ್ದೆ ಬಟ್ಟೆ ಸುತ್ತಿ, ಗಾಳಿ ಆಡುವ ಕಡೆ ನೆರಳಲ್ಲಿಟ್ಟು, ಪ್ಯಾಕೆಟ್ಟನ್ನು ಅದರೊಳಗಿಡಿ. ನೀರು ಆರುವಾಗ ಮಡಕೆಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ನಡೆಯದು, ನಮ್ಮ ಒಣ ಬಿಸಿಲಲ್ಲಿ ಚೆನ್ನಾಗಿ ನಡೆಯುತ್ತದೆ. ಬಟ್ಟೆ ಒಣಗಲು ಬಿಡಬಾರದು. ಇದು ಫ್ರಿಜ್ಜಿನಷ್ಟು ತಣ್ಣಗಾಗದು, ಮರುದಿನಕ್ಕೆ ಉಳಿಸಬೇಡಿ. ತುಸು ಹುಳಿಯಾಗಿದ್ದರೆ ನೀರು, ಉಪ್ಪು, ಜೀರಿಗೆ ಪುಡಿ ಹಾಕಿ ಮಜ್ಜಿಗೆ ಮಾಡಿ ಕುಡಿಯಿರಿ.

ಹೆಚ್ಚು ಕೆಲಸ ಮಾಡುವ ಮನಸ್ಸಿಲ್ಲದ ದಿನಕ್ಕೆ ಮಂಡಕ್ಕಿಗೆ ಪುಟಾಣಿ, ಉಳ್ಳಾಗಡ್ಡಿ, ನಿಂಬೆ, ಉಪ್ಪು ಖಾರ ಕಲಸಿ. ಅದು ತಿಂಡಿ, ಊಟವಲ್ಲ. ಮಾವು ಬಂದಾಗ ಸೀಕರಣೆಗೆ ತೆಳು ಅವಲಕ್ಕಿ ಕಲಸಿ ತಿಂದರೆ ರಾತ್ರಿಯ ಊಟ ಮುಗಿಯಿತು.

ಊರಿಂದ ಯಾರಾದರೂ ಬರುವವರಿದ್ದರೆ ರಾಗಿ ಹುರಿಹಿಟ್ಟು ತರಿಸಿಕೊಳ್ಳಿ, ನಿಮ್ಮ ಕಡೆಯದ್ದೇ ಚೆನ್ನಾಗಿರುತ್ತದೆ. ರಾಗಿಯನ್ನು ಅರಳುವಂತೆ ಹುರಿದು ಬೀಸಿದ ಹಿಟ್ಟೇ ಆಗಿರಬೇಕು. ಅಂಗಡಿಯ ಮುದ್ದೆ ಹಿಟ್ಟು ಹಸಿಯದು, ಅದನ್ನು ಬೇಯಿಸದೆ ಕುಡಿಯಬಾರದು. ನಾಲ್ಕು ಚಮಚ ಹುರಿಹಿಟ್ಟಿಗೆ ಮೊದಲು ಸ್ವಲ್ಪವೇ ಮಜ್ಜಿಗೆ ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದನ್ನು ಸುರಿಯಿರಿ. ಉಪ್ಪು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಒಂದು ದೊಡ್ಡ ಲೋಟ ಕುಡಿದು ಬೆಳಿಗ್ಗೆ ಹೊರಟರೆ ಊಟದ ಹೊತ್ತಿನವರೆಗೆ ಹೊಟ್ಟೆ ಕೇಳುವುದಿಲ್ಲ. ಸಿಹಿ ಬೇಕಾದರೆ ಹಾಲು, ಬೆಲ್ಲ, ಕಾಯಿತುರಿಯಲ್ಲಿ ಕಲಸಿ.