ಇನ್‌ಹೇಲರ್‌ನಿಂದ ಕಟ್ಟಿದ ಶಾರೀರ ಮರಳುವುದೇ?

ಪ್ರಶ್ನೆ: ನನಗೆ 46 ವರ್ಷ. ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಐದೂವರೆ ಮನೆ ಶ್ರುತಿಯಲ್ಲಿ ಹಾಡುವವಳು. ಅಸ್ತಮಾಕ್ಕೆಂದು ಹತ್ತು ತಿಂಗಳಿಂದ ಸ್ಟಿರಾಯ್ಡ್ ಪುಡಿಯ ಇನ್‌ಹೇಲರ್ ಎಳೆಯುತ್ತಿದ್ದೇನೆ. ಉಸಿರು ಸರಾಗವಾಯಿತು, ಆದರೆ ಶಾರೀರ ಹೋಯಿತು. ತಾರಷಡ್ಜದಲ್ಲಿ, ಅಂದರೆ ಮೇಲಿನ 'ಸ'ದಲ್ಲಿ, ಸ್ವರ ಒಡೆಯುತ್ತದೆ, ಎರಡನೆಯ ಪಾಠ ಮುಗಿಯುವಷ್ಟರಲ್ಲಿ ಬರೀ ಗಾಳಿ ಹೊರಡುತ್ತದೆ. ಕಳೆದ ತಿಂಗಳು ನಾನೇ ಔಷಧ ಬಿಟ್ಟೆ. ಹತ್ತನೆಯ ರಾತ್ರಿ ಉಬ್ಬಸ ಬಂದು ಎದ್ದು ಕುಳಿತೆ. ನವರಾತ್ರಿಗೆ ಕಛೇರಿ ಒಪ್ಪಿಕೊಂಡಿದ್ದೇನೆ. ಏನು ಮಾಡಲಿ?
– ಸಂಗೀತ ಶಿಕ್ಷಕಿ, ಉಡುಪಿ

ಉತ್ತರ: ಔಷಧವನ್ನು ಇನ್ನೂ ಆರಂಭಿಸಿರದಿದ್ದರೆ ತಡಮಾಡದೆ ನಿಮ್ಮ ವೈದ್ಯರನ್ನು ಕಂಡು ಆರಂಭಿಸಿ. ಉಸಿರೇ ಇಲ್ಲದ ಮೇಲೆ ಯಾವ ಶ್ರುತಿಯಲ್ಲೂ ಹಾಡಲಾಗದು, ಅದರಲ್ಲೂ ನಮ್ಮ ಕರಾವಳಿಯ ಮಳೆಗಾಲದಲ್ಲಿ, ಗೋಡೆಗೆ ಬೂಷ್ಟು ಹಿಡಿಯುವ ಈ ದಿನಗಳಲ್ಲಿ.

ಐದೂವರೆಯ ತಾರಷಡ್ಜಕ್ಕೆ ನಿಮ್ಮ ಸ್ವರತಂತುಗಳು ಸೆಕೆಂಡಿಗೆ ಸುಮಾರು 415 ಬಾರಿ ಕೂಡಿ ಬಿಡಬೇಕು. ಶ್ವಾಸಕೋಶಕ್ಕೆ ಹೋಗಬೇಕಾದ ಔಷಧದ ಒಂದು ಪಾಲು ದಾರಿಯಲ್ಲೇ ಗಂಟಲಲ್ಲಿ ಉಳಿದುಬಿಡುವುದರಿಂದ ಆ ತಂತುಗಳ ಮೇಲ್ಪದರ ಕೆರಳಬಹುದು, ಕೆಲವರಲ್ಲಿ ಅವುಗಳ ಮೇಲೆ ಬಿಳಿಯ ಶಿಲೀಂಧ್ರವೂ ಬೆಳೆಯಬಹುದು. ಎರಡಕ್ಕೂ ಚಿಕಿತ್ಸೆ ಬೇರೆಬೇರೆ. ಆದ್ದರಿಂದ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಒಮ್ಮೆ ಎಂಡೋಸ್ಕೋಪಿ ಮಾಡಿಸಿ, ಹಾಡುವವರೆಂದು ಮೊದಲೇ ಹೇಳಿ.

ಪುಡಿಯ ಇನ್‌ಹೇಲರನ್ನು ಜೋರಾಗಿ ಎಳೆಯಬೇಕಾದ್ದರಿಂದ ಪುಡಿ ಗಂಟಲಿಗೆ ಬಡಿಯುತ್ತದೆ. ಸ್ಪೇಸರ್ (ಔಷಧ ಹಿಡಿದಿಟ್ಟು ನಿಧಾನವಾಗಿ ಎಳೆಯಲು ನೆರವಾಗುವ ಕೊಳವೆ) ಜೋಡಿಸುವ ಸ್ಪ್ರೇ ಮಾದರಿಗೆ ಬದಲಾಯಿಸಬಹುದೇ, ಪ್ರಮಾಣ ಇಳಿಸಬಹುದೇ, ಶ್ವಾಸಕೋಶ ಸೇರಿದ ಮೇಲಷ್ಟೇ ಹೆಚ್ಚಾಗಿ ಸಕ್ರಿಯವಾಗುವ ಸಿಕ್ಲೆಸೊನೈಡ್‌ನಂಥ ಸ್ಟಿರಾಯ್ಡ್ ನಿಮಗೆ ಹೊಂದೀತೇ ಎಂದು ವೈದ್ಯರನ್ನು ಕೇಳಿ. ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿ; ಅದು ಬಾಯಿಯಲ್ಲಿ ಶಿಲೀಂಧ್ರ ಬೆಳೆಯದಂತೆ ತಡೆಯಲು ನೆರವಾಗುತ್ತದೆ, ಆದರೆ ನೀರು ಸ್ವರತಂತುಗಳನ್ನು ಮುಟ್ಟುವುದಿಲ್ಲ. ಜೇಷ್ಠಮಧು, ಕಾಳುಮೆಣಸಿನ ಕಷಾಯಗಳ ಕಥೆಯೂ ಅಷ್ಟೇ: ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ಹಿತವೆನಿಸಿದರೆ ಕುಡಿಯಿರಿ, ಚಿಕಿತ್ಸೆಯೆಂದು ನಂಬಬೇಡಿ.

ಕಾರಣ ಸರಿಪಡಿಸಿದ ಮೇಲೆ ಹೆಚ್ಚಿನವರ ಶಾರೀರ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಮರಳುತ್ತದೆ. ಅಲ್ಲಿಯವರೆಗೆ ಪಿಸುಮಾತು ಬೇಡ, ಪದೇಪದೇ ಕ್ಯಾಕರಿಸುವುದೂ ಬೇಡ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಏಳುವಂತೆ ಮೆಲ್ಲನೆ 'ಊ' ಎನ್ನುತ್ತ ಮಧ್ಯಸ್ಥಾಯಿಯಲ್ಲಿ ಸ್ವರ ಏರಿಸಿ ಇಳಿಸಿ. ದಿನಕ್ಕೆ ನಾಲ್ಕೈದು ಸಲ, ಎರಡೆರಡು ನಿಮಿಷ ಸಾಕು. ಅದು ಸಲೀಸಾದ ಮೇಲೆ ನಾಲ್ಕೂವರೆ ಶ್ರುತಿಯಲ್ಲಿ ಸರಳೆವರಸೆ (ಆರಂಭದ ಸ್ವರಪಾಠ) ಹಿಡಿಯಿರಿ. ಪಾಠ ಹೇಳುವಾಗ ಮಕ್ಕಳೇ ಹಾಡಲಿ, ನೀವು ತಾಳ ಹಾಕಿ. ಮೇಷ್ಟ್ರುಗಳ ಗಂಟಲು ಕೆಡುವುದು ಹೆಚ್ಚಾಗಿ ತಿದ್ದುವಾಗಲೇ.

ನವರಾತ್ರಿಯ ಮಾತು: ಶ್ರುತಿ ಒಂದು ಮನೆ ಇಳಿಸಿ, ಸಹಗಾಯನಕ್ಕೆ ಹಿರಿಯ ಶಿಷ್ಯೆಯನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಹಾಡಬಹುದೇನೋ, ಎಂಡೋಸ್ಕೋಪಿಯ ನಂತರ ನಿರ್ಧರಿಸಿ. ಸಂಘಟಕರಿಗೆ ಈಗಲೇ ಒಂದು ಸೂಚನೆ ಕೊಟ್ಟಿರಿ.