ಏಳನೇ ಕ್ಲಾಸಿನ ಮಗನಿಗೆ ಮೊದಲು ಸ್ಕ್ರ್ಯಾಚ್ ಕಲಿಸಬೇಕಾ, ನೇರವಾಗಿ ಪೈಥಾನಾ?

ಮಗ ಕನ್ನಡ ಮೀಡಿಯಂ, ಏಳನೇ ಕ್ಲಾಸು ಅಂದಿದ್ದೀರಿ. ಸ್ಕ್ರ್ಯಾಚ್ ಬರೀ ಆಟ, ಸುಮ್ನೆ ಟೈಮ್ ವೇಸ್ಟ್ ಅಂತ ಯಾರೋ ಹೇಳಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ನಿಜ ಅಲ್ಲ. ಸ್ಕ್ರ್ಯಾಚ್‌ನಲ್ಲೇ ಶುರು ಮಾಡಿಸಿ. ಸ್ಕ್ರ್ಯಾಚ್‌ನಲ್ಲಿ ಪರದೆ ಮೇಲಿನ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುತ್ತಾರೆ, ಪೈಥಾನ್‌ನಲ್ಲಿ ಪ್ರತಿ ಸಾಲನ್ನೂ ಟೈಪ್ ಮಾಡಬೇಕು.

ನಾನು ಕೋಲಾರದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಮೊದಲ ಬ್ಯಾಚಿಗೆ ನೇರವಾಗಿ ಪೈಥಾನ್ ಕಲಿಸಲು ಹೋಗಿದ್ದೆ. ಒಬ್ಬ ಹುಡುಗಿ ಇಫ್ (ಹೀಗಾದರೆ ಅನ್ನುವ ಷರತ್ತು) ಸಾಲಿನ ಕೊನೆಗೆ ಕೋಲನ್ (:) ಹಾಕುವುದು ಮರೆತಿದ್ದಳು. ಇಂಗ್ಲಿಷಿನಲ್ಲಿ ಎರರ್ ಬಂತು. ತನ್ನ ಲೆಕ್ಕವೇ ತಪ್ಪು ಅಂದುಕೊಂಡು, ಸರಿಯಾಗಿ ಬರೆದಿದ್ದನ್ನೆಲ್ಲ ಅಳಿಸಿಬಿಟ್ಟಳು. ನನಗೆ ಈಗಲೂ ಅದು ಬೇಜಾರು. ಅವಳ ಯೋಚನೆ ಸರಿಯಾಗೇ ಇತ್ತು, ಎಡವಿದ್ದು ಟೈಪಿಂಗ್‌ನಲ್ಲಿ.

ಬ್ಲಾಕ್‌ಗಳಲ್ಲಿ ಈ ಕಾಟ ಇಲ್ಲ. ಆಕಾರ ಹೊಂದಿದರೆ ಮಾತ್ರ ಅಂಟಿಕೊಳ್ಳುತ್ತವೆ. ಹಾಗಂತ ತಪ್ಪೇ ಆಗುವುದಿಲ್ಲ ಅಂತಲ್ಲ. ಗೆರೆ ಎಳೆಯುವ ಪೆನ್ ಬ್ಲಾಕ್‌ಗಳನ್ನು ಸೇರಿಸಿಕೊಂಡು ಸಮಬಾಹು ತ್ರಿಕೋನ ಬರೆಸಿ ನೋಡಿ. ಜಾಸ್ತಿ ಮಕ್ಕಳು 60 ಡಿಗ್ರಿ ತಿರುಗಿಸುತ್ತಾರೆ, ಗಣಿತದಲ್ಲಿ ಓದಿದ್ದು ಅದೇ ಅಲ್ವಾ. ಸ್ಕ್ರ್ಯಾಚ್ ಪರದೆಯ ಬೆಕ್ಕು ಮೂರು ಗೆರೆ ಎಳೆದು ಅರ್ಧ ಷಡ್ಭುಜ ಬರೆದು ನಿಂತುಬಿಡುತ್ತದೆ. ಆಗ ಉತ್ತರ ಹೇಳಿಕೊಡಬೇಡಿ. ಅಂಗಳದಲ್ಲಿ ಸೀಮೆಸುಣ್ಣದಿಂದ ತ್ರಿಕೋನ ಬರೆದು ಅದರ ಮೇಲೆ ನಡೆಯಲು ಹೇಳಿ. ಮೂಲೆಗೆ ಬಂದಾಗ ಮೈ ಎಷ್ಟು ತಿರುಗಬೇಕು ಅಂತ ಅವನಿಗೇ ಗೊತ್ತಾಗುತ್ತದೆ: 120. ಈ ಪಾಠಕ್ಕೆ ಹಳೇ ಬೇರಿದೆ. 1967ರಲ್ಲಿ ಬಂದ ಲೋಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ, ಹೇಳಿದಂತೆ ಗೆರೆ ಎಳೆಯುವ ಆಮೆ ಮಕ್ಕಳಿಗೆ ಕಲಿಸಿದ್ದೂ ಹೀಗೇ. ಅದನ್ನು ಕಟ್ಟಿದವರಲ್ಲಿ ಸೀಮೋರ್ ಪ್ಯಾಪರ್ಟ್ ಒಬ್ಬರು. ಅವರು ಇದ್ದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದಲೇ 2007ರಲ್ಲಿ ಸ್ಕ್ರ್ಯಾಚ್ ಬಂತು.

ಪೈಥಾನ್‌ಗೆ ಯಾವಾಗ ಹೋಗಬೇಕು? ನಾನು ತಿಂಗಳು ಲೆಕ್ಕ ಇಡುವುದಿಲ್ಲ. ಪ್ರೋಗ್ರಾಮ್ ಶುರು ಮಾಡುವ ಹಸಿರು ಬಾವುಟ ಒತ್ತುವ ಮೊದಲೇ ಏನಾಗುತ್ತದೆ ಅಂತ ಮಗು ಬಾಯಲ್ಲಿ ಹೇಳಿದರೆ ಅದೇ ಹೊತ್ತು. ಆಗ ಅದೇ ತ್ರಿಕೋನವನ್ನು ಪೈಥಾನ್‌ನಲ್ಲೇ ಇರುವ, ಚಿತ್ರ ಬರೆಯುವ ಟರ್ಟಲ್‌ನಲ್ಲಿ ಬರೆಸಿ. ಮತ್ತೆ ಮತ್ತೆ ಮಾಡಿಸುವ ರಿಪೀಟ್ ಬ್ಲಾಕಿನ ಹೊಟ್ಟೆಯೊಳಗೆ ಇದ್ದದ್ದು ಇಲ್ಲಿ ನಾಲ್ಕು ಸ್ಪೇಸ್ ಒಳಗೆ ಹೋಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಜಾಸ್ತಿ ವಿವರಿಸಬೇಕಾಗಿಲ್ಲ.

ಬ್ಲಾಕ್‌ನಲ್ಲೇ ವರ್ಷಗಟ್ಟಲೆ ಕೂರಿಸಲೂಬೇಡಿ. ಒಬ್ಬ ಹುಡುಗ ಅಪ್ಪನ ಟೊಮೆಟೊ ಮಂಡಿ ಚೀಟಿ ತಂದಿದ್ದ. 15 ಕೆಜಿ ಬಾಕ್ಸು, ದಿನಕ್ಕೊಂದು ರೇಟು, ಅದರಲ್ಲಿ ಕಮಿಷನ್ ಕಳೀಬೇಕು. ಬ್ಲಾಕ್ ಜೋಡಿಸುತ್ತಾ ಹೋದರೆ ಪರದೆ ತುಂಬಿ ಕೆಳಗಿಳಿಯಿತು. ಪೈಥಾನ್‌ನಲ್ಲಿ ಏಳೆಂಟು ಸಾಲಿಗೆ ಮುಗಿಯಿತು. ಪೈಥಾನ್ 3ರಲ್ಲಿ ವೇರಿಯೇಬಲ್ (ಬೆಲೆಯಂಥ ಮಾಹಿತಿ ಇಟ್ಟುಕೊಳ್ಳುವ ಜಾಗ) ಹೆಸರು ಕನ್ನಡದಲ್ಲೇ ಇಡಬಹುದು. ಅವನು ಬೆಲೆ, ಕಮಿಷನ್, ಉಳಿದದ್ದು ಅಂತಲೇ ಇಟ್ಟ. ಅಪ್ಪನಿಗೆ ಓದಿ ತೋರಿಸಬೇಕಂತೆ.

ಸ್ಕ್ರ್ಯಾಚ್ ಮಾಡುವ ದಿನಗಳಲ್ಲೇ ದಿನಾ ಹತ್ತು ನಿಮಿಷ ಟೈಪಿಂಗ್ ಬೇರೆಯಾಗಿ ಮಾಡಿಸಿ. ಅಕ್ಷರಗಳ ಜೊತೆ ಕೋಲನ್, ಕೋಟ್, ಬ್ರ್ಯಾಕೆಟ್ ಕೀಗಳು ಎಲ್ಲಿವೆ ಅಂತ ಬೆರಳಿಗೆ ರೂಢಿಯಾಗಲಿ.