ಪ್ರಶ್ನೋತ್ತರ: ಜಪಾನೀಸ್ ಮಾತಲ್ಲಿ ‘ನಾನು’ ಎಲ್ಲಿ ಹೋಯಿತು?

ಪ್ರಶ್ನೆ: ಜಪಾನೀಸ್ ಭಾಷಾ ಪರೀಕ್ಷೆಯ ಎನ್4 ಹಂತ ಪಾಸಾಗಿ ಈಗ ಅದರ ಮೇಲಿನ ಎನ್3ಗೆ ಓದುತ್ತಿದ್ದೇನೆ. ಮಾತಾಡುವಾಗ ಪ್ರತಿ ವಾಕ್ಯಕ್ಕೂ ‘ವತಾಶಿ ವಾ’ (ನಾನು) ಸೇರಿಸುತ್ತೀರಿ ಅಂತ ಟೀಚರ್ ತಿದ್ದುತ್ತಾರೆ. ಕೇಳುವಾಗ ಉಲ್ಟಾ, ಯಾರು ಏನು ಮಾಡಿದರು ಅಂತಲೇ ಗೊತ್ತಾಗುವುದಿಲ್ಲ. ಕನ್ನಡದಲ್ಲೂ ನಾವು ‘ನಾನು’ ಬಿಟ್ಟೇ ಮಾತಾಡ್ತೀವಲ್ಲ, ಮತ್ಯಾಕೆ ಇಷ್ಟು ಕಷ್ಟ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಾವು ‘ನಾನು’ ಬಿಡುತ್ತೇವೆ, ನಿಜ. ಆದರೆ ಅದರ ಗುರುತನ್ನು ಕ್ರಿಯಾಪದದ ಬಾಲದಲ್ಲಿ ಉಳಿಸಿಕೊಂಡಿರುತ್ತೇವೆ. ಬಂದೆ, ಬಂದಳು, ಬಂದರು ಅಂದರೆ ಸಾಕು, ಯಾರು ಅಂತ ಮತ್ತೆ ಕೇಳಬೇಕಿಲ್ಲ. ಜಪಾನೀಸಿನಲ್ಲಿ ನಾನು ಬಂದರೂ ‘ಕಿತಾ’, ಅವಳು ಬಂದರೂ ‘ಕಿತಾ’. ನಮ್ಮ ಕಿವಿ ಆ ಬಾಲಕ್ಕೆ ಕಾಯುತ್ತದೆ, ಅದು ಬರುವುದೇ ಇಲ್ಲ. ಪಕ್ಕದ ಮಲಯಾಳದಲ್ಲೂ ಹೀಗೇ ನೋಡಿ, ‘ವನ್ನು’ ಅಂದರೆ ಎಲ್ಲರಿಗೂ ಒಂದೇ.

ಕರ್ಮಪದ (ಏನನ್ನು ಅನ್ನುವುದು) ಬಿಡುವುದರಲ್ಲಿ ಮಾತ್ರ ನಿಮಗೆ ಲಾಭ ಇದೆ. ‘ಪುಸ್ತಕ ಓದಿದ್ಯಾ?’ ‘ಓದಿದೆ.’ ಪುಸ್ತಕವೂ ಹೋಯಿತು, ಯಾರಿಗೂ ತೊಂದರೆ ಆಗಲಿಲ್ಲ. ಜಪಾನಿಯರೂ ‘ಯೋಂದಾ’ ಅಂತ ಅಷ್ಟೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಹೀಗೆ ಬಿಟ್ಟರೆ ವಾಕ್ಯವೇ ಕುಂಟುತ್ತದೆ, ‘ಐ’ ಬೇಕು, ‘ಇಟ್’ ಕೂಡ ಬೇಕು. ನಿಮ್ಮ ‘ವತಾಶಿ ವಾ’ ಅಲ್ಲಿಂದಲೇ ಬಂದಿದೆ ಅಂತ ನನಗೆ ಅನ್ನಿಸುತ್ತದೆ. ಜಪಾನೀಸ್ ಕಲಿಯುವಾಗ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿಕೊಂಡು ಆಮೇಲೆ ಅದನ್ನು ತಿರುಗಿಸುವವರೇ ನಮ್ಮಲ್ಲಿ ಜಾಸ್ತಿ, ಅಲ್ವಾ?

ಅದನ್ನು ಬಿಟ್ಟು ಕನ್ನಡಕ್ಕೇ ಬನ್ನಿ. ನಮ್ಮಲ್ಲೂ ಬಾಲ ಇಲ್ಲದ ಮಾತುಗಳಿವೆ. ‘ಹಸಿವಾಗ್ತಿದೆ’ ಅಂದರೆ ನನಗೆ, ‘ಹಸಿವಾಗ್ತಿದೆಯಾ?’ ಅಂದರೆ ನಿನಗೆ. ಬೇಕು, ಗೊತ್ತು, ಸಾಕು ಎಲ್ಲ ಹೀಗೇ ನಡೆಯುತ್ತವೆ. ಜಪಾನೀಸಿನ ‘ಇಕಿತಾಯ್’ ಕೂಡ ಇದೇ ದಾರಿ: ಸುಮ್ನೆ ಹೇಳಿದರೆ ನನಗೆ ಹೋಗಬೇಕು ಅಂತ, ದನಿ ಏರಿಸಿ ಕೇಳಿದರೆ ನಿನಗೆ. ಬೇರೆಯವರ ಆಸೆಯಾದರೆ ‘ಇಕಿತಾಗತ್ತೆ ಇರು’ ಅಂತ ರೂಪವೇ ಬದಲಾಗುತ್ತದೆ.

ಸುಳಿವುಗಳು ಇಂಥ ಕಡೆ ಅಡಗಿರುತ್ತವೆ. ‘ಕಾಸಾ ಓ ಕಾಶಿತೆ ಕುರೆತಾ’ (ಛತ್ರಿ ಎರವಲು ಕೊಟ್ಟರು) ಅನ್ನುವುದನ್ನೇ ತೆಗೆದುಕೊಳ್ಳಿ. ಛತ್ರಿ ಒಂದು ಬಿಟ್ಟರೆ ಇಲ್ಲಿ ಯಾರ ಹೆಸರೂ ಇಲ್ಲ. ಆದರೂ ‘ಕುರೆತಾ’ ಇದೆಯಲ್ಲ, ಹಾಗಾಗಿ ಕೊಟ್ಟಿದ್ದು ಬೇರೆಯವರು, ಸಿಕ್ಕಿದ್ದು ನನಗೆ ಅಥವಾ ನನ್ನವರಿಗೆ. ಅದೇ ‘ಕಾಶಿತೆ ಅಗೆತಾ’ ಆಗಿದ್ದರೆ ಛತ್ರಿ ನನ್ನ ಕೈಯಿಂದ ಆಚೆ ಹೋಯಿತು. ‘ಇರಾಶ್ಶಾಯ್ಮಸು’ (ಇದ್ದಾರೆ, ಬರುತ್ತಾರೆ, ಹೋಗುತ್ತಾರೆ) ಕೇಳಿದರೆ ಅದು ಗೌರವ ಕೊಡಬೇಕಾದವರ ಬಗ್ಗೆ, ತನ್ನ ಬಗ್ಗೆ ಯಾರೂ ಹಾಗೆ ಹೇಳಿಕೊಳ್ಳುವುದಿಲ್ಲ.

ಒಂದು ಅಭ್ಯಾಸ ಮಾಡಿ. ಕೇಳಿದ ಸಂಭಾಷಣೆಯನ್ನು ಇಂಗ್ಲಿಷಿಗೆ ಬದಲು ಕನ್ನಡಕ್ಕೆ ತನ್ನಿ, ‘ಅವನು’ ‘ನಾನು’ ಬಳಸದೆ. ಕೊಟ್ಟೆನೋ, ಕೊಟ್ಟಳೋ, ಕೊಟ್ಟರೋ ಅಂತ ಬಾಲ ಹಚ್ಚಲೇಬೇಕಾಗುತ್ತದೆ, ಅಲ್ಲೇ ನಿಮಗೆ ಯಾರು ಅಂತ ಗೊತ್ತಾಗಿದೆಯೋ ಇಲ್ಲವೋ ತಿಳಿಯುತ್ತದೆ. ಕೈ ತಡವರಿಸಿದರೆ ಹಿಂದಿನ ವಾಕ್ಯಗಳಲ್ಲಿ ‘ವಾ’ (ಮಾತು ಯಾವುದರ ಬಗ್ಗೆ ಅಂತ ತೋರಿಸುವ ಪ್ರತ್ಯಯ) ಹಚ್ಚಿಕೊಂಡಿದ್ದ ಪದ ಹುಡುಕಿ. ಸಾಮಾನ್ಯವಾಗಿ ಹೊಸ ‘ವಾ’ ಬರುವವರೆಗೂ ಮಾತು ಅದರ ಬಗ್ಗೆಯೇ ನಡೆಯುತ್ತಿರುತ್ತದೆ.